ಆರತಿಗೆ ಮೊದಲು ಆಡಬೇಕಿದ್ದ ಮಾತು

ದ್ರಾಕ್ಷಿ ತೋಟದ ಮನೆಯಲ್ಲಿ ಹುಟ್ಟಿದವರಿಗೆ ಮೈಲುತುತ್ತದ ನೀಲಿ ಗೊತ್ತಿರುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ಕಲಸಿ ಬಳ್ಳಿಗೆ ರೋಗದ ಔಷಧವಾಗಿ ಹೊಡೆಯುವ ದಿನಗಳಲ್ಲಿ ಅಥಣಿ ಹತ್ತಿರದ ಐಗಳಿ ಊರಿನ ನಮ್ಮ ಮನೆಯ ಕೊಡ, ಹಗ್ಗ, ಅಪ್ಪನ ಧೋತರದ ಅಂಚು, ನಮ್ಮ ಉಗುರಿನ ಸಂದಿ ಎಲ್ಲವೂ ಆ ಬಣ್ಣಕ್ಕೆ ತಿರುಗುತ್ತಿದ್ದವು. ಎಷ್ಟನೆಯ ಸಲ ಹೊಡೆದದ್ದು, ಅಂದು ಮೋಡವಿತ್ತೇ ಬಿಸಿಲಿತ್ತೇ ಎಂದು ತಾರೀಖು ಹಾಕಿ ಬರೆದಿಡುವುದು ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಕೆಲಸ. ಕೈ ತೊಳೆಯದೆ ರೊಟ್ಟಿ ಮುಟ್ಟಿದರೆ ಔಷಧ ಕರುಳು ಕೊರೆದು ರಕ್ತ ಹೋಗುತ್ತದೆಂದು ಅಪ್ಪ ಹೆದರಿಸುತ್ತಿದ್ದರು. ಹಾಗಾದರೆ ಉಪ್ಪುನೀರು ಕುಡಿದು ವಾಂತಿ ಮಾಡಬೇಕೆಂಬುದು ತೋಟದ ಮಕ್ಕಳಿಗೆಲ್ಲ ಬಾಯಿಪಾಠ.

ತೊಂಬತ್ತರ ದಶಕದ ಅಂಥದೊಂದು ಹಂಗಾಮಿನಲ್ಲಿ ಸರಕಾರಿ ದವಾಖಾನೆಯ ನರ್ಸಬಾಯಿ ಶಾಲೆಗೆ ಬಂದು, ಬೆಳೆಯುವ ಹುಡುಗಿಯರಿಗೆ ಮೈಯ ವಿಷಯ ತಿಳಿಸುತ್ತೇನೆ, ಹುಡುಗರಿಗೆ ಇನ್ನೊಂದು ದಿನ ಡಾಕ್ಟರು ತಿಳಿಸುತ್ತಾರೆ ಎಂದರು. ಊರು ಒಪ್ಪಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದವಳು ನಮ್ಮ ಆಯಿ, ಅಪ್ಪನ ತಾಯಿ ಗಂಗವ್ವ.

"ಬಾಯಿ, ಸಾಳ್ಯಾಗ ಲೆಕ್ಕಾ ಕಲಸ್ರಿ. ಇದನ್ನ ಕಲಸೂದು ಏನೈತಿ? ಟೈಮಿಗೆ ತಾನ ತಿಳೀತೈತಿ."

ನರ್ಸಬಾಯಿ ಚೀಲ ಹೆಗಲಿಗೇರಿಸಿ ಅಥಣಿಯ ಬಸ್ಸು ಹಿಡಿದರು.

ಯೋಚಿಸಿ ನೋಡಿ, ಗೆಳೆಯರೆ. ನಮ್ಮಲ್ಲಿ ಹುಡುಗಿ ಮೈನೆರೆದರೆ ಓಣಿಗೆಲ್ಲ ಕರೆ ಹೋಗುತ್ತದೆ. ಹಸಿರು ಸೀರೆ ಉಡಿಸಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಆರತಿ ಎತ್ತಿ ಹಾಡುತ್ತಾರೆ. ಊರಿಗೆಲ್ಲ ಸಾರುವ ಈ ಸುದ್ದಿಯನ್ನು ಆ ಹುಡುಗಿಗೆ ಮಾತ್ರ ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಹಾಡಿಗೆ ಅಡ್ಡ ಬಾರದ ನಾಚಿಕೆ ಮಾತಿಗೆ ಏಕೆ ಅಡ್ಡ ಬರುತ್ತದೋ ತಿಳಿಯದು. ನನ್ನ ಸರದಿ ಬಂದಾಗ ನನಗೆ ಗೊತ್ತಿದ್ದುದೂ ಹೆದರಿಕೆಯೊಂದೇ. ಆಮೇಲೂ ಅದನ್ನು ತಂಗಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ತಿಂಗಳು ನನ್ನ ತಂಗಿ ಕಸ್ತೂರಿ, ಆರನೆಯ ತರಗತಿಯವಳು, ದಿನವಿಡೀ ತೋಟದಲ್ಲಿ ಔಷಧಕ್ಕೆ ನೀರು ಹೊತ್ತು ಮನೆಗೆ ಬಂದಾಗ ಉಟ್ಟ ಪರಕಾರದ ಮೇಲೆ ರಕ್ತ ಕಂಡಳು. ಮಧ್ಯಾಹ್ನ ನೀಲಿ ಕೈಯಿಂದಲೇ ರೊಟ್ಟಿ ತಿಂದಿದ್ದಳು. ಕರುಳು ಹರಿಯಿತೆಂದೇ ತಿಳಿದು, ಅಪ್ಪನಿಗೆ ಹೆದರಿ ಯಾರಿಗೂ ಹೇಳದೆ, ಕೊಟ್ಟಿಗೆಯ ಹಿಂದೆ ತಂಬಿಗೆಗಟ್ಟಲೆ ಉಪ್ಪುನೀರು ಕುಡಿದು ಕಾರಿದಳು. ರಕ್ತ ನಿಲ್ಲದಿರಲು ಮತ್ತೆ ಕುಡಿದಳು. ಮರುದಿನ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಅಥಣಿಯ ದವಾಖಾನೆಯಲ್ಲಿ ಡಾಕ್ಟರು, ವಿಷವೇನೂ ಹೋಗಿಲ್ಲ, ಹುಡುಗಿ ದೊಡ್ಡವಳಾಗಿದ್ದಾಳೆ, ಕೆಡಿಸಿದ್ದು ಉಪ್ಪು, ಈಗ ಜೀವದ ಭರವಸೆ ಕೊಡಲಾರೆ ಎಂದರು. ಆಯಿ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಎರಡು ದಿನದ ಮೇಲೆ ಕಣ್ಣು ತೆರೆದ ಕಸ್ತೂರಿ ಕೇಳಿದ್ದು ಇಷ್ಟೇ: "ಆಯಿ, ನಾ ಸಾಯಂಗಿಲ್ಲೇನ?"

ಅವಳನ್ನು ಮನೆಗೆ ಕರೆತಂದ ಮೇಲೆ ಆಯಿ ಆರತಿಗೆ ಯಾರನ್ನೂ ಕರೆಯಲಿಲ್ಲ. ನರ್ಸಬಾಯಿಗೆ ಹೇಳಿ ಕಳಿಸಿ, ಪಾಠದ ದಿನ ನಮ್ಮಿಬ್ಬರನ್ನು ಮುಂದೆ ಬಿಟ್ಟುಕೊಂಡು ಶಾಲೆಗೆ ನಡೆದಳು. ಕಟ್ಟೆಯ ಮೇಲಿದ್ದ ಹಿರಿಯನೊಬ್ಬ ಕೆಣಕಿದ: "ಏನ್ ಗಂಗವ್ವ, ಈ ವಯಸ್ಸಿನ್ಯಾಗ ಸಾಳಿಗೆ ಹೊಂಟಿ?"

"ಹೊಂಟೇನಿ. ನಿನ್ನ ಮೊಮ್ಮಗಳನ್ನೂ ಕಳಸು, ಅಕಿ ಉಪ್ಪುನೀರು ಕುಡಿಯೂ ಮುಂಚೆ."

ಪಾಠಕ್ಕೆ ಅವನ ಮೊಮ್ಮಗಳು ಬಂದಳು, ಅವಳ ಹಿಂದೆ ಇನ್ನೂ ಕೆಲವರು ಬಂದರು.

ನರ್ಸಬಾಯಿ ಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ತಿಂಗಳ ಮುಟ್ಟು ಏಕೆ ಬರುತ್ತದೆ, ಬಸಿರು ಹೇಗೆ ನಿಲ್ಲುತ್ತದೆ, ಎಳೆಯ ಮೈಗೆ ಅದು ಏಕೆ ಭಾರ ಎಂದು ನಿಧಾನವಾಗಿ ಹೇಳಿದರು. ನಾವೆಲ್ಲ ನೆಲ ನೋಡುತ್ತ ಕೂತಿದ್ದೆವು. ಏನಾದರೂ ಕೇಳುವುದಿದೆಯೇ ಎಂದಾಗ, ಬಾಗಿಲ ಬಳಿ ಕಾವಲಿಗೆಂಬಂತೆ ಕೂತಿದ್ದ ಆಯಿಯೇ ಬಾಯಿ ತೆರೆದಳು.

"ಬಾಯಿ, ಲಗ್ನ ಆದಾಗ ನಾನೂ ಇವರಷ್ಟ ಇದ್ದೆ. ಪೈಲಾ ಕೂಸು ಉಳೀಲಿಲ್ಲ. ಎರಡನೇದೂ ಉಳೀಲಿಲ್ಲ. ನನ್ನ ಕಾಲ್ಗುಣ ಅಂದ್ರು. ಹೌದೇನ್ರಿ?"

ನರ್ಸಬಾಯಿ ಸೀಮೆಸುಣ್ಣ ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದು ಕೂತರು. "ಅಲ್ರಿ ಆಯಿ. ನೀವ ಆಗಿನ್ನೂ ಕೂಸಿದ್ರಿ."

ಆಯಿ ಹಲಗೆಯ ಮೇಲಿನ ಚಿತ್ರವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮತ್ತ ತಿರುಗಿದಳು.

"ತಲಿ ಎತ್ರಿ," ಅಂದಳು. "ಪೂರಾ ಕೇಳ್ರಿ."