ಧೂಳಮ್ಮನ ಪಾಲಿನ ಸಗಣಿ

ಘಾಟಬೋರಾಳದ ಮಾಣಿಕಮ್ಮನಿಗೆ ಒಲೆ ಊದುವ ಕಷ್ಟ ತಪ್ಪಿದ್ದು ನಲವತ್ತು ದಾಟಿದ ಮೇಲೆ. ಎಪ್ಪತ್ತೆಂಟನೆಯ ಇಸವಿಯಲ್ಲಿ ಗಂಡ ಮಹಾರುದ್ರಪ್ಪ ಹಿತ್ತಲಲ್ಲಿ ಗುಂಡಿ ತೋಡಿಸಿ ಗೋಬರ್ ಗ್ಯಾಸ್ ಹಾಕಿಸಿದ. ಸಗಣಿಗೆ ನೀರು ಕಲಸಿ ಸುರಿದರೆ ಅಡುಗೆಮನೆಯಲ್ಲಿ ನೀಲಿ ಉರಿ ಬರುತ್ತಿತ್ತು. ಹುಮನಾಬಾದಿನ ಅಡ್ಡೆಯಿಂದ ಕಟ್ಟಿಗೆ ತರಿಸುವುದು ನಿಂತಿತು. ಪಾತ್ರೆಯ ಮಸಿ ತಿಕ್ಕಲು ಸುರಿಯುತ್ತಿದ್ದ ನೀರೂ ಉಳಿಯಿತು. ಮಾಣಿಕಮ್ಮನ ಕಣ್ಣುರಿ ಹೋಯಿತು.

ಧೂಳಮ್ಮನ ಕೂಲಿಯೂ ಹೋಯಿತು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಕೊಟ್ಟಿಗೆ ಬಳಿದವಳು ಅವಳು. ಬಳಿದ ಸಗಣಿಯೇ, ಆ ಕಡೆಯ ಮಾತಿನಲ್ಲಿ ಹೆಂಡಿಯೇ, ಅವಳ ಪಾಲು. ಕುಳ್ಳು ತಟ್ಟಿ ಒಂದಿಷ್ಟು ಮಾರುತ್ತಿದ್ದಳು, ಉಳಿದದ್ದರಲ್ಲಿ ಅವಳ ಒಲೆ ಉರಿಯುತ್ತಿತ್ತು. ಈಗ ಸಗಣಿಯೆಲ್ಲ ಗುಂಡಿಗೆ. ಅದರ ಬದಲು ಮಹಾರುದ್ರಪ್ಪ ಜೋಳ ಅಳೆಸಿದ.

"ಜೋಳ ಕೊಟ್ರಿ, ಛಲೋ ಆತು," ಎಂದಳು ಧೂಳಮ್ಮ. "ರೊಟ್ಟಿ ಯಾತರ ಮ್ಯಾಲ ಸುಡ್ಲಿ, ಗೌಡಸಾನಿ? ನಿಮ್ಮ ಪೈಪು ನಮ್ಮ ಗುಡಿಸಲಾತನಕ ಎಳೀತೀರೇನು?"

ಮಾಣಿಕಮ್ಮ ನಕ್ಕಳು. ಆದರೆ ಮರುದಿನದಿಂದ, ಗಂಡ ಹೊಲಕ್ಕೆ ಹೋದ ಮೇಲೆ, ಒಂದು ಬುಟ್ಟಿ ಸಗಣಿಯನ್ನು ತಾನೇ ಧೂಳಮ್ಮನ ತಲೆಗೆ ಎತ್ತಿಕೊಡತೊಡಗಿದಳು. ಸಂಜೆ ಉರಿ ಸಣ್ಣದಾದರೆ, "ಥಂಡಿ ಅದ ಅಲ್ರಿ, ಗ್ಯಾಸ್ ಕಮ್ಮಿ ಆಗ್ತದ," ಎಂದು ಗಂಡನಿಗೆ ಹೇಳುತ್ತಿದ್ದಳು.

ಹಿರಿಮಗಳನ್ನು ಕೊಟ್ಟ ಬೀಗ ದೇವಿಂದ್ರಪ್ಪ ಬಸವಕಲ್ಯಾಣದಿಂದ ಗ್ಯಾಸ್ ನೋಡಲೆಂದೇ ಹೆಂಡತಿಯೊಂದಿಗೆ ಬಂದ. ಅವರ ಎದುರಿಗೇ, ಚಹಾ ಕುದಿಯುವ ಮೊದಲೇ, ಉರಿ ಆರಿತು.

"ಏನ್ರಿ ಬೀಗರ, ನಿಮ್ಮ ದನದ್ದು ಇವತ್ತು ಉಪಾಸೇನು?" ಎಂದ ದೇವಿಂದ್ರಪ್ಪ.

ಮಹಾರುದ್ರಪ್ಪನ ಮುಖ ಕೆಂಪಾಯಿತು. ಹಿತ್ತಲಲ್ಲಿ ಕಸ ಹೊಡೆಯುತ್ತಿದ್ದ ಧೂಳಮ್ಮನ ಕಡೆ ಕೈ ಮಾಡಿ ಹೇಳಿದ: "ಈಕಿದಾ ಕೆಲಸ ಇದು. ಹೆಂಡಿ ಕದ್ದು ಒಯ್ಯಾಕತ್ತಾಳ, ಕಳ್ಳಿ."

ಧೂಳಮ್ಮ ಮಾಣಿಕಮ್ಮನ ಮುಖ ನೋಡಿದಳು. ಮಾಣಿಕಮ್ಮ ಕಪ್ಪುಬಸಿ ಒರೆಸುತ್ತ ನಿಂತಳು. ಬೀಗರ ಎದುರಿಗೆ ಗಂಡನ ಮಾತು ಸುಳ್ಳು ಮಾಡುವುದು ಹೇಗೆ ಎಂದುಕೊಂಡಳು. ಅದು ನೆಪವೆಂದು ಅವಳಿಗೆ ಆಗಲೇ ಗೊತ್ತಿತ್ತು.

ಮರುದಿನ ಧೂಳಮ್ಮ ಬರಲಿಲ್ಲ. ಮಾಣಿಕಮ್ಮ ಸಗಣಿಯ ಬುಟ್ಟಿಯನ್ನು ತನ್ನ ತಲೆಯ ಮೇಲೇ ಹೊತ್ತು, ಓಣಿಯವರೆಲ್ಲ ನೋಡುತ್ತಿರುವಂತೆ ಅವಳ ಮನೆಗೆ ಹೋದಳು.

"ಇಳಸ್ಬ್ಯಾಡ್ರಿ," ಎಂದಳು ಧೂಳಮ್ಮ. "ಹೆಂಡಿ ಎಲ್ಲಿಯಾರ ಸಿಗ್ತದ. ಕಳ್ಳಿ ಅಂದಾರಲ್ಲ, ಅದನ್ನ ತಗಿಸ್ರಿ. ಯಾರ ಮುಂದ ಅಂದಾರ, ಅವರ ಮುಂದ."

ಸಂಜೆ ಮಾಣಿಕಮ್ಮ ಗಂಡನಿಗೆ ಎಲ್ಲ ಹೇಳಿದಳು. ಅವನು ರುಮಾಲು ಕೊಡವಿ ಗೂಟಕ್ಕೆ ಹಾಕಿದ. "ಮೊದಲಾ ಹೇಳಬಾರ್ದೇನು? ನಾಳಿಂದ ಒಂದ್ ಬುಟ್ಟಿ ಕೊಡು. ಬೀಗರಿಗೆ ಹೇಳೂದೇನು ಬ್ಯಾಡ."

ಧೂಳಮ್ಮ ಆ ಬುಟ್ಟಿ ಮುಟ್ಟಲಿಲ್ಲ. ಬೇರೆ ಮನೆಗಳ ಕೊಟ್ಟಿಗೆ ಕೇಳಿ ನೋಡಿದಳು. ಕಳ್ಳಿಯೆಂಬ ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಕೊನೆಗೆ ಬೇಮಳಖೇಡದ ಮಗಳ ಮನೆ ಸೇರಿದಳು.

ಮುಂದೆ ಮಾಣಿಕಮ್ಮ ಮೊಮ್ಮಗನ ತೊಟ್ಟಿಲಿಗೆಂದು ಬಸವಕಲ್ಯಾಣಕ್ಕೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಹೋಗಿದ್ದಳು. ಊಟದ ಪಂಕ್ತಿಯಲ್ಲಿ ದೇವಿಂದ್ರಪ್ಪನ ಹೆಂಡತಿ ತಾನಾಗಿಯೇ ಕೇಳಿದಳು: "ಆ ಹೆಂಡಿ ಕಳ್ಳಿ ಬಿಟ್ಟು ಹೋದ್ಳೇನ್ರಿ?"

"ಹೋದ್ಳು," ಎಂದಳು ಮಾಣಿಕಮ್ಮ.