ಆರ್ವಿಡ್ ಬಿಟ್ಟ ಬಂದೂಕು

ನಮ್ಮ ವಿಸ್ಕಾನ್ಸಿನ್ನಿನ ಉತ್ತರದ ಕಡೆ, ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗದ ಗಂಡಸನ್ನು ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ಪಕ್ಕದ ಮನೆಯ ಗಾರ್ತ್ ಪ್ರತಿ ವರ್ಷ ಬರುತ್ತಿದ್ದ, ಬರಿಗೈಯಲ್ಲಿ. ನಾವೆಲ್ಲ ಬಂದೂಕು ಹಿಡಿದು ಕಾಡಿನಂಚಿನಲ್ಲಿ ನಿಂತರೆ, ಅವನು ಪೊದೆಗಳಲ್ಲಿ ನುಗ್ಗಿ ಕೂಗುತ್ತಾ ಜಿಂಕೆ ಎಬ್ಬಿಸುತ್ತಿದ್ದ. ಬೇಟೆನಾಯಿ ಬಂತು ಎಂದು ಯಾರಾದರೂ ರೇಗಿಸಿದರೆ ಬೊಗಳಿಯೂ ತೋರಿಸುತ್ತಿದ್ದ. ನನಗಂತೂ ನಗು ಬರುತ್ತಿರಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಗೆಳೆಯರ ಜೊತೆ ಯಾರದೋ ಬೇಸಿಗೆ ಮನೆಯ ಬೀಗ ಒಡೆದು ದೋಣಿಯ ಮೋಟಾರು ಕದ್ದಿದ್ದ. ಮಕ್ಕಳ ನ್ಯಾಯಾಲಯ ಮನೆಗೇನೋ ಕಳಿಸಿತು, ಆದರೆ ಇನ್ನು ಬಂದೂಕು ಮುಟ್ಟಕೂಡದು ಎಂದಿತು. ಮನೆಯಲ್ಲಿ ಬಂದೂಕು ಕಂಡರೆ ಹುಡುಗನನ್ನು ಕರೆದೊಯ್ಯುತ್ತೇವೆ ಎಂದು ಅವನ ಮೇಲೆ ಕಣ್ಣಿಡಲು ಬಂದ ಅಧಿಕಾರಿ, ಗಾರ್ತ್‌ನ ಅಪ್ಪ ಆರ್ವಿಡ್‌ನನ್ನು ಗದರಿಸಿ ಹೋದ.

ಆರ್ವಿಡ್ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ನನ್ನ ಮನೆಗೆ ತಂದ. ಬೀಗ ಹಾಕಿ ಇಟ್ಟುಕೊಳ್ಳಬಾರದೇ ಎಂದೆ.

"ಬೀಗ ಒಡೆದೇ ಅಲ್ವೇನಯ್ಯಾ ಇಷ್ಟೆಲ್ಲಾ ಆಗಿದ್ದು?" ಎಂದ.

ಅಲ್ಲಿಂದಾಚೆ ಅವನೂ ಬಂದೂಕು ಹಿಡಿಯಲಿಲ್ಲ. ಬೇಟೆಗೆ ಬಂದರೆ ಮಗನ ಜೊತೆ ಪೊದೆ ನುಗ್ಗುತ್ತಿದ್ದ. ನನ್ನದನ್ನಾದರೂ ತಗೋ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮೂರಿನಲ್ಲಿ ಅವನಂಥ ಗುರಿಗಾರ ಇನ್ನೊಬ್ಬನಿರಲಿಲ್ಲ.

ಗಾರ್ತ್ ಬೆಳೆದು ಹಾಲಿನ ಟ್ಯಾಂಕರ್ ಓಡಿಸಿಕೊಂಡು ನೆಟ್ಟಗೆ ಬಾಳಿದ. ಬಂದೂಕು ಹಿಡಿಯುವ ಹಕ್ಕು ಮರಳಿಸಿ ಎಂದು ಕೋರ್ಟಿಗೆ ಹೋದರೆ ಮೊದಲ ಸಲ ಆಗಲ್ಲ ಎಂದರು. ಅಷ್ಟರಲ್ಲಿ ಆರ್ವಿಡ್‌ನಿಗೆ ಮರೆವು ಹತ್ತಿತು. ಗಾರ್ತ್ ಮತ್ತೆ ಹೋದ. ಈಗೇಕೆ ಬಂದೂಕು ಎಂದು ಜಡ್ಜ್ ಕೇಳಿದರು.

"ನಂಗಲ್ಲ ಸ್ವಾಮಿ. ನಮ್ಮಪ್ಪ ಬಂದೂಕು ಬಿಟ್ಟಿದ್ದೇ ನನ್ನಿಂದಾಗಿ. ಗುಂಡು ಹಾಕ್ದೇನೇ ಆಗ್ಲಿ, ಅವ್ನ ಮನೇಲಿ ಒಂದ್ಸಲ ಅವ್ನ ಕೈಗೆ ಕೊಡ್ಬೇಕು."

ಹಕ್ಕು ಸಿಕ್ಕಿತು. ನನ್ನ ಮನೆಯಿಂದ ಬಂದೂಕು ತೆಗೆದುಕೊಂಡು ಇಬ್ಬರೂ ಹೋದೆವು. ಆರ್ವಿಡ್ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಬಂದೂಕು ಕಂಡದ್ದೇ ಗಾಬರಿಯಿಂದ ಎದ್ದ. ಮಗನ ಗುರುತು ಹತ್ತಲಿಲ್ಲ.

"ನಿನ್ ದಮ್ಮಯ್ಯ, ಇದನ್ನ ಆಚೆ ತಗೊಂಡ್ ಹೋಗಪ್ಪ. ಯಾರಾದ್ರೂ ನೋಡಿದ್ರೆ ನನ್ ಮಗನ್ನ ಕರ್ಕೊಂಡ್ ಹೋಗ್ತಾರೆ. ಇನ್ನೂ ಚಿಕ್ಕೋನು."

"ನಾನೇ ಅಪ್ಪಾ, ಗಾರ್ತ್. ಇನ್ಯಾರೂ ಕರ್ಕೊಂಡ್ ಹೋಗಲ್ಲ."

ಆರ್ವಿಡ್ ಅಳುತ್ತಾ ಅವನನ್ನು ಬಾಗಿಲ ಕಡೆ ತಳ್ಳಿದ. ಗಾರ್ತ್ ಬಂದೂಕನ್ನು ನನ್ನ ಕೈಗಿಟ್ಟು, ಅಪ್ಪನಿಗೆ ಹೇಳಿದ:

"ಆಯ್ತು ಯಜಮಾನ್ರೇ, ತಗೊಂಡ್ ಹೋಗ್ತೀವಿ. ನಿಮ್ ಮಗ ಇಲ್ಲೇ ಇರ್ತಾನೆ."