ರಹಮತ್ ಸಾಹೇಬರ ಮಗಳ ಮಲ್ಲಿಗೆ ಪರದೆ

೨೦೧೮ರ ಜುಲೈ. ಹಲಸೂರಿನಲ್ಲಿ ಮದುವೆ ಹೂವಿನ ಅಲಂಕಾರದ ಕೆಲಸ ಹಿಡಿದು ಇಪ್ಪತ್ತಾರು ವರ್ಷ ತುಂಬಿತ್ತು. ಮಂಟಪ, ವೇದಿಕೆ, ಕಾರು, ಕಡೆಗೆ ಗಂಡು ಕೂತು ಬರುವ ಕುದುರೆಗೂ ಹೂ ಮುಡಿಸಿದವಳು ನಾನು. ಒಂದು ಮದುವೆಗೆ ಇಷ್ಟು ಹೂವು, ಇಷ್ಟು ಹಣ ಎಂದು ಮೊದಲೇ ಹೇಳಿ, ಅದರೊಳಗೇ ಕೆಲಸ ಮುಗಿಸುವುದು ನನ್ನ ಹೆಮ್ಮೆ. ಆ ವರ್ಷ ಅದಕ್ಕೆ ಸರಿಯಾದ ಪೆಟ್ಟು ಬಿತ್ತು.

ಆಷಾಢ ನಮ್ಮ ಕಸುಬಿಗೆ ಉಪವಾಸದ ತಿಂಗಳು. ಹಿಂದೂಗಳ ಮನೆಯಲ್ಲಿ ಮದುವೆ ಇಲ್ಲ, ಹೂವು ಕೇಳುವವರಿಲ್ಲ. ನಾನು ನೊಣ ಹೊಡೆಯುತ್ತಾ ಕೂತಿದ್ದಾಗ ಶಿವಾಜಿನಗರದಲ್ಲಿ ರವಿಕೆ ಬಟ್ಟೆ ಮಾರುವ ರಹಮತ್ ಸಾಹೇಬರು ಬಂದರು. ಮಗಳು ನಾಜಿಯಾಳ ನಿಕಾಹ್ ಆಗಸ್ಟ್ ೨೪, ಶುಕ್ರವಾರ ಸಂಜೆ. ಬಕ್ರೀದ್ ಮುಗಿಯಬೇಕು, ಮೊಹರಂ ಶುರುವಾಗಬಾರದು, ಹಾಗಾಗಿ ಸಿಕ್ಕಿದ್ದು ಆ ದಿನವೇ. ನಾಜಿಯಾಳದು ಒಂದೇ ಆಸೆ. ನಿಕಾಹ್ ಹೊತ್ತಿಗೆ ಗಂಡಿಗೂ ಹೆಣ್ಣಿಗೂ ನಡುವೆ ಇಳಿಬಿಡುವ ಪರದೆ ಪೂರ್ತಿ ಮಲ್ಲಿಗೆಯದಾಗಿರಬೇಕು.

ಕಟ್ಟಿದ ಮಲ್ಲಿಗೆಯನ್ನು ನಾವು ಮಾರಿನ ಲೆಕ್ಕದಲ್ಲಿ ಕೊಳ್ಳುತ್ತೇವೆ. ಎರಡೂ ಕೈ ಚಾಚಿದರೆ ಒಂದು ಮಾರು. ಪರದೆಗೆ ಮುನ್ನೂರು ಮಾರು ಬೇಕು. ಆಷಾಢದ ಬೆಲೆ ಮಾರಿಗೆ ಅರವತ್ತು, ಅಂದರೆ ಹದಿನೆಂಟು ಸಾವಿರ. ವೇದಿಕೆ, ಬಾಗಿಲು, ಕಾರು, ಗಂಡಿನ ಮುಖದ ಮುಂದೆ ಇಳಿಬೀಳುವ ಹೂವಿನ ಸೆಹ್ರಾ, ಕೂಲಿ ಎಲ್ಲ ಸೇರಿ ತೊಂಬತ್ತು ಸಾವಿರ ಅಂದೆ.

"ಆಮೇಲೆ ಹೂವು ಏರ್ತು ಅಂತ ರಾಗ ತೆಗೀಬಾರ್ದು, ಸರೋಜಮ್ಮ."

"ನಂದು ಒಂದೇ ಮಾತು, ಸಾಹೇಬ್ರೆ."

ಮಾತು ಸಾಲದೆ ಅವರೇ ಪೆನ್ನು ತೆಗೆದು ನನ್ನ ಬಿಲ್ ಪುಸ್ತಕದಲ್ಲಿ ಬರೆದರು: "ಹೂವು ಏರಿದರೂ ಇಳಿದರೂ ಇದೇ ಬೆಲೆ." ಇಬ್ಬರೂ ಸಹಿ ಹಾಕಿದೆವು. ಖಾಲಿ ತಿಂಗಳಲ್ಲಿ ಕೆಲಸ ಸಿಕ್ಕಿತೆಂದು ನಾನು ಬೀಗಿದ್ದೇ ಬೀಗಿದ್ದು.

ಆಗಸ್ಟ್ ನಡುವಿನಲ್ಲಿ ಪಕ್ಕದ ಮನೆಯಾಕೆ ಕುಂಕುಮ ಹಿಡಿದು ಬಂದರು. "ಇಪ್ಪತ್ನಾಲ್ಕಕ್ಕೆ ವರಮಹಾಲಕ್ಷ್ಮಿ ಪೂಜೆ. ತಾಂಬೂಲಕ್ಕೆ ಬಂದ್ಬಿಡಿ."

ಇಪ್ಪತ್ನಾಲ್ಕು ಅಂದರೆ ನಾಜಿಯಾಳ ನಿಕಾಹ್ ದಿನವೇ! ಹಿಂದಿನ ವರ್ಷ ಹಬ್ಬ ಆಗಸ್ಟ್ ಮೊದಲ ವಾರವೇ ಮುಗಿದಿತ್ತು. ಈ ಸಲವೂ ಹಾಗೇ ಇರಬಹುದೆಂದು ಪಂಚಾಂಗ ನೋಡಿರಲಿಲ್ಲ. ಅಧಿಕಮಾಸ ಬಂದು ಹಬ್ಬಗಳೆಲ್ಲ ಮುಂದಕ್ಕೆ ಹೋಗಿದ್ದವು. ವರಮಹಾಲಕ್ಷ್ಮಿಯ ಹಿಂದಿನ ದಿನ ಮಾರಿಗೆ ಇನ್ನೂರೈವತ್ತು ಕೊಟ್ಟರೂ ಮಲ್ಲಿಗೆ ಸಿಕ್ಕರೆ ಅದೇ ಪುಣ್ಯ. ಪರದೆಯೊಂದಕ್ಕೇ ಎಪ್ಪತ್ತೈದು ಸಾವಿರ! ಮಾತು ಉಳಿಸಿಕೊಂಡರೆ ಕೈಯಿಂದ ಹಣ ಹೋಗುತ್ತದೆ, ಹಣ ಉಳಿಸಿಕೊಂಡರೆ ಇಪ್ಪತ್ತಾರು ವರ್ಷದ ಹೆಸರು ಹೋಗುತ್ತದೆ.

ಮಾನ ಬಿಟ್ಟು ಸಾಹೇಬರ ಅಂಗಡಿಗೆ ಹೋದೆ. ಒಳಗೆ ಕಾಲಿಡಲು ಜಾಗವಿಲ್ಲ. ಕುಂಕುಮ ಇಟ್ಟ ಹೆಂಗಸರೇ ತುಂಬಿದ್ದರು. ನಾನು ತಪ್ಪೊಪ್ಪಿಕೊಂಡು, ಬೆಲೆ ಸ್ವಲ್ಪ ಏರಿಸಿ ಎಂದು ಕೇಳಿದೆ. ಸಾಹೇಬರು ರವಿಕೆ ಬಟ್ಟೆ ಕತ್ತರಿಸುತ್ತಲೇ ನಕ್ಕರು.

"ಅಮ್ಮಾ, ಇವರೆಲ್ಲ ತಾಂಬೂಲಕ್ಕೆ ರವಿಕೆ ಕಣ ತಗೊಳ್ಳೋಕೆ ಬಂದಿರೋದು. ನನ್ನ ವರ್ಷದ ವ್ಯಾಪಾರಾನೇ ನಿಮ್ಮ ಹಬ್ಬದ್ದು. ತಾರೀಕು ನಂಗೆ ಜನವರೀಲೇ ಗೊತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೂವಿನವರಿಗೆ ಹಬ್ಬ ಹೇಳ್ಕೊಡೋಕೆ ನಾನ್ಯಾರು?"

ಆ ಕತ್ತರಿ ನನ್ನ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೋ. ನನ್ನ ಮುಖ ನೋಡಿ ಅವರೇ ದನಿ ಇಳಿಸಿದರು. "ಗುರುವಾರ ಯಾಕೆ ತಗೋತೀರಾ? ಶುಕ್ರವಾರ ಹನ್ನೆರಡೂವರೆಗೆ ರಸೆಲ್ ಮಾರ್ಕೆಟ್ ಹತ್ರ ಬನ್ನಿ. ಪೂಜೆ ಎಲ್ಲ ಮುಗಿದಿರತ್ತೆ. ಹೂವಿನವರಲ್ಲಿ ಅರ್ಧ ಜನ ಜುಮಾ ನಮಾಜಿಗೆ ಓಡ್ತಾರೆ. ಉಳಿದ ಮಲ್ಲಿಗೆ ಇಟ್ಕೊಂಡು ಏನ್ ಮಾಡ್ತಾರೆ?"

ಹಿಂದಿನ ದಿನವೇ ಹೂವು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು ನಮ್ಮ ಪದ್ಧತಿ. ಮದುವೆಯ ದಿನ ಮಧ್ಯಾಹ್ನ ಹೂವು ಹುಡುಕುವುದು ಹುಚ್ಚರ ಕೆಲಸ ಅಂದುಕೊಂಡವಳು ನಾನು. ಆದರೆ ಬೇರೆ ದಾರಿ ಇರಲಿಲ್ಲ. ಗುಲಾಬಿ, ಸೇವಂತಿ ಮಾತ್ರ ಮೊದಲೇ ತಂದೆ.

ಶುಕ್ರವಾರ ಹನ್ನೊಂದಕ್ಕೆ ಮಾರಿಗೆ ಇನ್ನೂರು. ಹನ್ನೆರಡಕ್ಕೆ ನೂರೆಂಬತ್ತು. ಅಷ್ಟರಲ್ಲಿ ನಾಜಿಯಾ ಫೋನ್ ಮಾಡಿದಳು. "ಆಂಟಿ, ಹಾಲ್‌ನಲ್ಲಿ ಬರೀ ಬಿದಿರು ನಿಂತಿದೆಯಂತೆ. ನನ್ನ ಪರದೆ ಎಲ್ಲಿ?"

"ಬರ್ತಾ ಇದೆ ಕಣಮ್ಮ," ಅಂದೆ. ಎಲ್ಲಿಂದ ಎಂದು ಅವಳು ಕೇಳಲಿಲ್ಲ, ನನ್ನ ಪುಣ್ಯ.

ಹನ್ನೆರಡೂವರೆಗೆ ಮಸೀದಿಯ ಬಾಂಗು ಕೇಳಿಸಿತು. ನೂರೆಂಬತ್ತಕ್ಕೆ ಜಗ್ಗದಿದ್ದ ಮುದುಕರೊಬ್ಬರು ಟೋಪಿ ಹಾಕಿಕೊಳ್ಳುತ್ತಾ, "ಮಾರಿಗೆ ನಲವತ್ತು ಕೊಟ್ಟು ಎಲ್ಲಾ ಎತ್ಕೊಂಡೋಗಿ!" ಎಂದರು. ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಜುಮಾಕ್ಕೆ ಹೋಗದ ಹೂವಾಡಗಿತ್ತಿ ಲಕ್ಷ್ಮಮ್ಮನೂ ಬೆಲೆ ಇಳಿಸಿದರು. ಹತ್ತೇ ನಿಮಿಷದಲ್ಲಿ ಮುನ್ನೂರು ಮಾರು ಸೇರಿತು. ಕೊಟ್ಟಿದ್ದು ಹನ್ನೆರಡು ಸಾವಿರ. ಆಷಾಢದ ಬೆಲೆಗಿಂತಲೂ ಕಡಿಮೆ!

ಸಂಜೆ ಪರದೆ ನಿಂತಿತ್ತು. ಅದನ್ನು ಸರಿಸಿ ಗಂಡು ಹೆಣ್ಣಿನ ಮುಖ ನೋಡಿದಾಗ ನಾಜಿಯಾ ನಕ್ಕಳು, ನನಗೆ ಅಳು ಬಂತು. ಅಷ್ಟು ತಾಜಾ ಮಲ್ಲಿಗೆ ನನ್ನ ಯಾವ ಮದುವೆಯಲ್ಲೂ ಇರಲಿಲ್ಲ.

ಮಾರನೆಯ ದಿನ ಸಾಹೇಬರು ಬಾಕಿ ಕೊಡಲು ಬಂದರು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. "ಮಲ್ಲಿಗೆ ನಲವತ್ತಕ್ಕೇ ಸಿಕ್ತಂತೆ. ಐಡಿಯಾ ನಂದು. ಆರು ಸಾವಿರ ಮುರ್ಕೊಳ್ಳೋಣ, ಅಲ್ವಾ?"

ನಾನು ಬಿಲ್ ಪುಸ್ತಕ ತೆರೆದು ಅವರ ಮುಂದಿಟ್ಟೆ. ಸಾಹೇಬರು ತಮ್ಮದೇ ಸಾಲನ್ನು ಎರಡು ಸಲ ಓದಿದರು.

"'ಇಳಿದರೂ' ಅಂತ ಯಾಕೆ ಬರೆದೆ ನಾನು?"

"ಹಬ್ಬ ಗೊತ್ತಿದ್ದೋರಿಗೆ ಕರಾರು ಬರೆಯೋದು ಹೇಳ್ಕೊಡೋಕೆ ನಾನ್ಯಾರು, ಸಾಹೇಬ್ರೆ?"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ರೂಪಾಯಿ ಕಡಿಮೆ ಮಾಡದೆ ಎಣಿಸಿ ಕೊಟ್ಟರು.

ಹೂವಿನ ಬಜೆಟ್ ಹಾಕುವವರು ಹೂವಿನ ಬೆಲೆಗಿಂತ ಮೊದಲು ಊರಿನವರೆಲ್ಲರ ಹಬ್ಬ ತಿಳಿದಿರಬೇಕು. ಈ ಕಸುಬು ನನಗೆ ಕಲಿಸಿದ್ದು ಅದು, ಅದೂ ಒಬ್ಬ ರವಿಕೆ ಬಟ್ಟೆಯವರ ಕೈಯಲ್ಲಿ. ಅಂದಿನಿಂದ ನನ್ನ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ಇವೆ. ಎರಡನೆಯದು ಉರ್ದುವಿನದು, ಪ್ರತಿ ಜನವರಿಯಲ್ಲಿ ಸಾಹೇಬರೇ ಕಳಿಸುತ್ತಾರೆ. ನನಗೆ ಅದರಲ್ಲಿ ಒಂದಕ್ಷರವೂ ಓದಲು ಬರುವುದಿಲ್ಲ. ಶ್ರಾವಣದ ಒಂದು ಶುಕ್ರವಾರಕ್ಕೆ ಮಾತ್ರ ಅವರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದಿರುತ್ತಾರೆ: "ಸರೋಜಮ್ಮ, ಇದು ನಿಮ್ಮ ಹಬ್ಬ."